ನಾಯಕೋದ್ಧಾರ ಮೀಮಾಂಸೆ, ಅಥವಾ ನಾಲ್ಕು ಜ್ವರ ಕಾಣದ ಹುಳು ಗೂಡು ಕಟ್ಟುವ ಬಗೆ

‘ಇನ್ನು ನಾಯಕನ ವಿಚಾರ.’ ಇದು ಮೊದಲನೆಯ ಸೂತ್ರ.

ಶಾಸ್ತ್ರಗ್ರಂಥಕ್ಕೆ ಕೈಹಾಕಿದವನು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿ ಮುಗಿಸಬೇಕೆಂದು ಹಿರಿಯರ ಕಟ್ಟಳೆ. ವಿಷಯ ಇದು: ಪ್ರೇಮದ ಚಿತ್ರಕಥೆಗಳಲ್ಲಿ ಪುಸ್ತಕದ ಉದ್ದಕ್ಕೂ ಹೆಣ್ಣನ್ನು ಗೋಳುಹೊಯ್ದುಕೊಂಡ ಗಂಡು ಕಡೆಯ ಚೌಕದಲ್ಲಿ, ಕೈಕಾಲು ಆಡಿಸದೆ, ಒಳ್ಳೆಯವನಾಗುವುದು ಹೇಗೆ? ಅಧಿಕಾರಿ ಯಾರೆಂದರೆ, ಕೊನೆಯ ಹಾಳೆ ಕಿತ್ತುಹೋದ ಚಿತ್ರಕಥೆಯನ್ನು ಒಮ್ಮೆಯಾದರೂ ಓದಿದವರು. ಹಾಳೆ ಇದ್ದ ಪ್ರತಿಯನ್ನು ಓದಿದವರು ಆಗಲೇ ನಾಯಕನನ್ನು ಕ್ಷಮಿಸಿಬಿಟ್ಟಿರುತ್ತಾರೆ, ಅವರಿಂದ ಶಾಸ್ತ್ರಕ್ಕೆ ಉಪಯೋಗವಿಲ್ಲ. ಸಂಬಂಧ ಕೆಟ್ಟಿರುವುದೇ ಗ್ರಂಥದ ವಿಷಯವಾದ್ದರಿಂದ ಅದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಪ್ರಯೋಜನವೇನೆಂದು ಮನೆಯವರು ಕೇಳಿದ್ದಾರೆ. ಉತ್ತರ ಕೊಡಲು ಕಾಲಾವಕಾಶ ಪಡೆಯಲಾಗಿದೆ.

ಇಂಥ ಘನಗ್ರಂಥ ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲೇ ಏಕೆ ಹುಟ್ಟಬೇಕು ಎಂಬ ಆಕ್ಷೇಪ ಬರಬಹುದು. ಸಮಾಧಾನ: ಬೇರೆಲ್ಲೂ ಹುಟ್ಟುವ ಹಾಗೇ ಇಲ್ಲ. ಯಳಂದೂರು ಸಂಚಿಯ ಹೊನ್ನಮ್ಮನ ಊರು. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುವ ಊಳಿಗಕ್ಕಿದ್ದವಳು ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಗಂಡನ ಮನೆಯಲ್ಲಿ ಹೆಂಡತಿ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಅದರಲ್ಲಿ ಸವಿಸ್ತಾರವಾಗಿ ಹೇಳಿದ್ದಾಳೆ. ನಡುವೆ, ಹೆಣ್ಣೆಂದು ಹೀಗಳೆಯುವವರನ್ನು ಚೆನ್ನಾಗಿ ಜಾಡಿಸಿಯೂ ಇದ್ದಾಳೆ. ಹೆಂಡತಿಗೊಂದು ಗ್ರಂಥ ಇದ್ದಮೇಲೆ ಗಂಡನಿಗೂ ಒಂದು ಇರಲೇಬೇಕಲ್ಲ ಎಂದು ‘ಗಂಡನ ಧರ್ಮ’ದ ಓಲೆಗರಿಗಾಗಿ ಈ ಸೀಮೆಯನ್ನು ಜಾಲಾಡಿದ್ದಾಯಿತು. ಅಟ್ಟದ ಮೇಲಿಲ್ಲ, ಮಠದಲ್ಲಿಲ್ಲ. ಗೆದ್ದಲು ತಿಂದಿತು ಎನ್ನುವುದು ವಿದ್ವಾಂಸರ ಮತ. ಬರೆದೇ ಇರಲಿಲ್ಲ ಎನ್ನುವುದು ಗೆದ್ದಲಿನ ಮತ.

ಮೇಲಾಗಿ ಇದು ಗಡಿ. ಪಕ್ಕದ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಯಳಂದೂರು ಮೈಸೂರಿನದು. ಆದಕಾರಣ ಈ ಶಾಸ್ತ್ರದಲ್ಲಿ ಎರಡು ಪಂಥಗಳಾಗಿವೆ. ನಾಯಕ ಅತ್ತರೆ ಕೊಳ್ಳೇಗಾಲ ಪಂಥದವರು ಕ್ಷಮಿಸುತ್ತಾರೆ. ಎಷ್ಟು ಹೊತ್ತು ಅತ್ತ ಎಂದು ಮಾಂಬಳ್ಳಿ ಪಂಥದವರು ಕೇಳುತ್ತಾರೆ. ಹನೂರಿನವರು ಯಾವ ಬಸ್ಸು ಮೊದಲು ಬಂತೋ ಅದನ್ನು ಹತ್ತುತ್ತಾರೆ.

ಇನ್ನು ಆಕರಗಳು. ಅಮರ ಚಿತ್ರ ಕಥೆ ಮೊದಲು ಹುಟ್ಟಿದ್ದು ಕನ್ನಡದಲ್ಲಿ ಎಂಬುದನ್ನು ನಮ್ಮವರೇ ಮರೆತಿದ್ದಾರೆ. 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಸಿಂಡ್ರೆಲಾ ಮುಂತಾದ ಪಾಶ್ಚಾತ್ಯ ಕತೆಗಳು ಕನ್ನಡದ ಚಿತ್ರಪುಸ್ತಕಗಳಾಗಿ ಬಂದವು. ಮೊದಲ ಹತ್ತು ಸಂಖ್ಯೆ ಅವಕ್ಕೇ ಹೋದ್ದರಿಂದ ಇಂಗ್ಲಿಷಿನ ಎಣಿಕೆ ಹನ್ನೊಂದರಿಂದ ಶುರುವಾಯಿತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಹನ್ನೊಂದಕ್ಕೆ ಕೃಷ್ಣನನ್ನು ಕೂರಿಸಿದರು. ಹನ್ನೆರಡನೆಯದೇ ಶಕುಂತಲಾ. ಅಂದರೆ ದೇವರಾದ ಕೂಡಲೆ ದುಷ್ಯಂತ. ನಮ್ಮ ಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗಲಾರದು.

ಎರಡನೆಯ ಸೂತ್ರ: ‘ತಪ್ಪು ನಾಯಕನದಲ್ಲ, ಅವನೊಳಗೆ ಹೊಕ್ಕಿದ್ದರದು.’

ಮಹಾಭಾರತದ ದುಷ್ಯಂತನಿಗೆ ಮರೆವೂ ಇಲ್ಲ, ಉಂಗುರವೂ ಇಲ್ಲ. ಶಕುಂತಲೆ ಮಗನ ಕೈಹಿಡಿದು ಸಭೆಗೆ ಬಂದಾಗ ಅವನಿಗೆ ಎಲ್ಲವೂ ಜ್ಞಾಪಕದಲ್ಲಿದೆ. ಇದ್ದೂ ಗುರುತಿಲ್ಲ ಎನ್ನುತ್ತಾನೆ. ಆಮೇಲೆ ಆಕಾಶವಾಣಿಯಾದಾಗ, ಜನ ಅನುಮಾನಪಡಬಾರದೆಂದು ಹಾಗೆ ಮಾಡಿದೆ ಎಂದು ಸಮಜಾಯಿಷಿ ಕೊಡುತ್ತಾನೆ. ಅಷ್ಟಕ್ಕೇ ನಿಂತನೇ? ಸಿಟ್ಟಿನಲ್ಲಿ ಅವಳು ಆಡಿದ ಮಾತುಗಳನ್ನು ತಾನು ಕ್ಷಮಿಸಿದ್ದೇನೆ ಎಂದೂ ಹೇಳುತ್ತಾನೆ! ಕ್ಷಮೆ ಯಾರಿಂದ ಯಾರಿಗೆ ಹೋಗಬೇಕಿತ್ತು ಎಂಬುದನ್ನು ಗಮನಿಸಿದ ವಾಚಕರು ಪುಸ್ತಕ ಕೆಳಗಿಟ್ಟು ನೀರು ಕುಡಿದು ಬರಬಹುದು.

ಕಾಳಿದಾಸ ಸಹೃದಯ. ಇಂಥವನನ್ನು ನಾಯಕನ ಪೀಠದಲ್ಲಿ ಕೂರಿಸುವುದು ಅವನಿಂದಾಗಲಿಲ್ಲ. ಆದ್ದರಿಂದ ದೂರ್ವಾಸರನ್ನು ಕರೆಸಿ ಒಂದು ಶಾಪ ಕೊಡಿಸಿದ, ಒಂದು ಉಂಗುರ ಮಾಡಿಸಿ ನೀರಿಗೆ ಬೀಳಿಸಿದ, ಮೀನಿನ ಹೊಟ್ಟೆಗೆ ಸೇರಿಸಿದ. ರಾಜನ ಪಾಪ ಅಷ್ಟು ದೂರ ಪ್ರಯಾಣ ಮಾಡಿ ಕೊನೆಗೆ ಪೆಟ್ಟು ಬಿದ್ದದ್ದು ಬೆಸ್ತನಿಗೆ. ನಮ್ಮ ಚಿತ್ರಕಥೆಗೆ ಬಂದದ್ದು ಈ ಉಂಗುರದ ದುಷ್ಯಂತನೇ.

ಈ ಪ್ರಕರಣವನ್ನು ನಮ್ಮ ಬೀದಿಯ ರೇಷ್ಮೆ ಹುಳು ಸಾಕುವ ಮನೆಯ ಹಿರಿಯಮ್ಮನೊಬ್ಬರ ಮುಂದೆ ಮಂಡಿಸಲಾಯಿತು. ಅವರು ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಲೇ ಕೇಳಿ, “ಅಲ್ಲ ಮೇಷ್ಟ್ರೇ, ಗಂಡಸು ಹೆಂಡ್ತಿನೇ ಮರ್ತ್ರ ಸಾಪ, ಹೆಂಗಸು ಒಲ ಮ್ಯಾಲ ಸಾರು ಮರ್ತ್ರ ಒದ. ಇದ್ಯಾವ ಸಾಸ್ತ್ರ?” ಎಂದರು.

“ಇದೇ ಶಾಸ್ತ್ರ ಅವ್ವಾ, ನಾನು ಬರೀತಿರೋದು.”

“ಬರ್ಕಳಿ ಬುಡಿ.”

ಪೂರ್ವಪಕ್ಷ: ದುಷ್ಯಂತ ಪಶ್ಚಾತ್ತಾಪಪಟ್ಟಿದ್ದಾನೆ. ಆರನೆಯ ಅಂಕ ನೋಡಿ. ನಿದ್ದೆಯಿಲ್ಲದೆ ಸೊರಗಿದ್ದಾನೆ, ವಸಂತೋತ್ಸವ ನಿಲ್ಲಿಸಿದ್ದಾನೆ, ಶಕುಂತಲೆಯ ಚಿತ್ರ ಬರೆದು ಅದರ ಮುಂದೆ ಕಣ್ಣೀರಿಟ್ಟಿದ್ದಾನೆ. ಸಿದ್ಧಾಂತ: ಚಿತ್ರ ಬರೆದದ್ದು ಸರಿ. ಆ ಮಟ್ಟಿಗೆ ಅವನೇ ನಮ್ಮ ಮೊದಲ ಚಿತ್ರಕಥಾಕಾರ. ಆದರೆ ಬಸುರಿ ಹೆಂಡತಿ ಎಲ್ಲಿದ್ದಾಳೆಂದು ಹುಡುಕಲು ಒಬ್ಬ ಸವಾರನನ್ನು ಅಟ್ಟಿದನೇ? ತನ್ನ ದುಃಖಕ್ಕೆ ಊರಿಗೆ ಊರೇ ಹಬ್ಬ ಬಿಡಬೇಕಾಯಿತು. ಅವನು ಅರಮನೆ ಬಿಟ್ಟದ್ದು ಇಂದ್ರ ಯುದ್ಧಕ್ಕೆ ಕರೆದ ಮೇಲೆ. ವಾಪಸು ಬರುವಾಗ ದಾರಿಯಲ್ಲಿ ಮಾರೀಚರ ಆಶ್ರಮ ಸಿಕ್ಕಿತು, ಅಲ್ಲಿ ಹೆಂಡತಿ ಮಗ ಸಿಕ್ಕರು. ಸಂತೆಗೆ ಹೋದವನಿಗೆ ದಾರಿಯಲ್ಲಿ ನೆಂಟರು ಸಿಕ್ಕಂತಾಯಿತೇ ಹೊರತು ಇದು ಹುಡುಕಾಟವಲ್ಲ. ಕಾಲಿಗೆ ಬಿದ್ದನೆಂಬುದು ನಿಜ. ಅವಳು, ಇದೆಲ್ಲ ನನ್ನದೇ ಪೂರ್ವಜನ್ಮದ ಕರ್ಮ ಎಂದದ್ದೂ ನಿಜ. ಮಾರೀಚರು ಶಾಪದ ಸಂಗತಿ ತಿಳಿಸಿದಾಗ ರಾಜನಿಗೆ ಮೊದಲು ಆದದ್ದು ನಿರಾಳ: ಸದ್ಯ, ತನ್ನ ಮೇಲಿನ ಅಪವಾದ ಹೋಯಿತು.

ಮೂರನೆಯ ಸೂತ್ರ: ‘ಹುಡುಕುವ ಕೆಲಸ ನಾಯಕಿಯದು.’ ನಳ ಮಲಗಿದ್ದ ದಮಯಂತಿಯ ಸೀರೆಯಲ್ಲಿ ಅರ್ಧ ಹರಿದುಕೊಂಡು ಕಾಡಿನ ನಡುವೆ ಬಿಟ್ಟುಹೋದ. ಕಾರಣ ಕಲಿ, ಅವನೊಳಗೆ ಹೊಕ್ಕಿದ್ದನಂತೆ. ಕನಕದಾಸರೂ ‘ನಳಚರಿತ್ರೆ’ ಬರೆದ ಮೇಲೆ ಈ ಕತೆ ಕನ್ನಡದವರಿಗೆ ಮನೆಮಾತು. ದೇಶದೇಶಕ್ಕೆ ಬ್ರಾಹ್ಮಣರನ್ನು ಕಳಿಸಿ ಗಂಡನ ಜಾಡು ಹಿಡಿದವಳು ದಮಯಂತಿ. ಎರಡನೆಯ ಸ್ವಯಂವರವೆಂಬ ಸುಳ್ಳು ಸುದ್ದಿ ಹಬ್ಬಿಸಿ ಅವನನ್ನು ಊರಿಗೆ ಬರಿಸಿಕೊಂಡವಳೂ ಅವಳೇ. ಇಷ್ಟೆಲ್ಲ ಆಗಿ ಎದುರುಬದುರು ನಿಂತಾಗ ಸ್ವಾಮಿಗಳು ಕೇಳಿದ್ದು, ‘ಎರಡನೆಯ ಮದುವೆಗೆ ಹೊರಟಿದ್ದೆಯಲ್ಲ, ಏನು ಕತೆ?’ ಎಂದು. ವಾಯುದೇವನೇ ಬಂದು ಅವಳ ಪರ ಸಾಕ್ಷಿ ಹೇಳಬೇಕಾಯಿತು. ಸೀರೆ ಹರಿದವನಿಗೆ ಸಾಕ್ಷಿ ಕೇಳಿದವರು ಯಾರೂ ಇಲ್ಲ.

ಪರದೇಶದ ಮತವನ್ನೂ ನೋಡೋಣ. ಅಮೆರಿಕದಲ್ಲಿ ಜೋ ಸೈಮನ್, ಜಾಕ್ ಕಿರ್ಬಿ ಎಂಬಿಬ್ಬರು 1947ರಲ್ಲಿ ‘ಯಂಗ್ ರೊಮಾನ್ಸ್’ ಎಂಬ ಚಿತ್ರಪತ್ರಿಕೆ ತಂದು ಪ್ರೇಮವನ್ನು ಚೌಕಗಳಿಗೆ ಇಳಿಸಿದರು. 1954ರಲ್ಲಿ ಪ್ರಕಾಶಕರೆಲ್ಲ ಸೇರಿ, ಪ್ರೇಮಕಥೆಗಳು ಸಂಸಾರದ ಬೆಲೆಯನ್ನೂ ಮದುವೆಯ ಪಾವಿತ್ರ್ಯವನ್ನೂ ಎತ್ತಿಹಿಡಿಯಬೇಕೆಂದು ಒಂದು ಸಂಹಿತೆ ಮಾಡಿಕೊಂಡರು. ಮದುವೆ ಪವಿತ್ರವೆಂದು ಬರೆದರು, ಯಾರ ಜೊತೆ ಎಂದು ಬರೆಯಲಿಲ್ಲ. ಗಂಡು ಎಂಥವನೇ ಆಗಿರಲಿ, ಕಡೆಯ ಚೌಕದಲ್ಲಿ ಅವನ ತೋಳಿಗೆ ಒರಗಿಕೊಳ್ಳದೆ ಹೆಣ್ಣಿಗೆ ಬೇರೆ ದಾರಿ ಉಳಿಯಲಿಲ್ಲ.

ಇಂಥದೊಂದು ಪುಸ್ತಕದ ಚೌಕವನ್ನೇ ರಾಯ್ ಲಿಕ್ಟನ್‌ಸ್ಟೈನ್ 1963ರಲ್ಲಿ ದೊಡ್ಡ ಕ್ಯಾನ್ವಾಸಿಗೆ ಏರಿಸಿದ. ಮುಳುಗುತ್ತಿರುವ ಹೆಣ್ಣು, ಮುಳುಗಿದರೂ ಚಿಂತೆಯಿಲ್ಲ, ಅವನನ್ನು ಮಾತ್ರ ಕೂಗೆನು ಎನ್ನುತ್ತಾಳೆ. ಅದು ನ್ಯೂಯಾರ್ಕಿನ ಮ್ಯೂಸಿಯಂನಲ್ಲಿದೆ. ನಮ್ಮ ಸುವರ್ಣಾವತಿಯಲ್ಲಿ ಮುಳುಗುವಷ್ಟು ನೀರಿಗೆ ಮಳೆಗಾಲದ ತನಕ ಕಾಯಬೇಕಾದ್ದರಿಂದ ಮಾಂಬಳ್ಳಿ ಪಂಥ ಈ ಸಿದ್ಧಾಂತವನ್ನು ಪ್ರಯೋಗಕ್ಕೆ ಒಡ್ಡಿಲ್ಲ.

ಇಂದ್ರಜಾಲ ಕಾಮಿಕ್ಸಿನ ಫ್ಯಾಂಟಮ್ ಬೇರೆ ಜಾತಿಯವನು. ಹೊಡೆಯುವವನಲ್ಲ, ಬಿಟ್ಟುಹೋಗುವವನೂ ಅಲ್ಲ. ಬರುವವನೂ ಅಲ್ಲ. 1936ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಹುಟ್ಟಿ ಮೊದಲ ಕತೆಯಲ್ಲೇ ಡಯಾನಾಳನ್ನು ಕಂಡವನು ಮದುವೆಯಾದದ್ದು 1977ರಲ್ಲಿ. ಮುಖವಾಡವನ್ನೂ ತೆಗೆಯಲಿಲ್ಲ. ನಮ್ಮ ಕಡೆ ನಿಶ್ಚಯವಾದ ಮದುವೆ ಮುಂದಿನ ಆಷಾಢ ದಾಟಿದರೆ ಸೋದರಮಾವಂದಿರು ಬಂದು ಜಗಲಿ ಬಿಟ್ಟು ಏಳುವುದಿಲ್ಲ. ಡಯಾನಾಳಿಗೆ ಅಂಥ ಮಾವಂದಿರು ಇದ್ದಿದ್ದರೆ ನಲವತ್ತೊಂದು ವರ್ಷದ ಕಾಗದ ಉಳಿಯುತ್ತಿತ್ತು.

ಪಳಗಿಸುವ ಪಂಥವೊಂದಿದೆ. ಶೇಕ್ಸ್‌ಪಿಯರನ ನಾಟಕದಲ್ಲಿ ಗಂಡ ಬಜಾರಿ ಹೆಂಡತಿಗೆ ಊಟ ನಿದ್ದೆ ಕೊಡದೆ ದಾರಿಗೆ ತಂದ. ಅದು ಪರ್ವತವಾಣಿಯವರ ‘ಬಹದ್ದೂರ್ ಗಂಡ’ವಾಗಿ ಕನ್ನಡದ ರಂಗಕ್ಕೆ ಬಂತು, 1989ರಲ್ಲಿ ‘ನಂಜುಂಡಿ ಕಲ್ಯಾಣ’ವಾಗಿ ತೆರೆಯ ಮೇಲೆ ಸೂಪರ್ ಹಿಟ್ ಆಯಿತು. ಇದರಲ್ಲಿ ನಾಯಕನ ಉದ್ಧಾರದ ಪ್ರಶ್ನೆಯೇ ಇಲ್ಲ, ಉದ್ಧಾರವಾಗಬೇಕಾದವಳು ಅವಳು. ಆದ್ದರಿಂದ ನಮ್ಮ ಶಾಸ್ತ್ರದ ವ್ಯಾಪ್ತಿಗೆ ಬಾರದು. ಸಿನಿಮಾ ಮಜವಾಗಿದೆ, ಅದು ಬೇರೆ ಮಾತು.

ಈಗ ಮಾಂಬಳ್ಳಿ ಸಿದ್ಧಾಂತ. ಇದನ್ನು ರೂಪಿಸಿದ ಕೀರ್ತಿ ಮೇಲೆ ಹೇಳಿದ ಹಿರಿಯಮ್ಮನಿಗೇ ಸಲ್ಲಬೇಕು. ದುಷ್ಯಂತ ಬದಲಾದನೋ ಇಲ್ಲವೋ ಎಂದು ಪಟ್ಟುಹಿಡಿದು ಕೇಳಿದಾಗ ಅವರು ತಟ್ಟೆಯತ್ತ ಕೈ ತೋರಿಸಿದರು. “ಹುಳ್ಕ ನಾಕು ಜರ ಬತ್ತದ ಮೇಷ್ಟ್ರೇ. ಜರ ಬಂದಾಗ ಸೊಪ್ಪು ತಿನ್ನಲ್ಲ, ತಲ ಎತ್ಕಂಡು ಅಂಗೇ ನಿಂತಿರ್ತದ. ಆಮ್ಯಾಲ ಪೊರ ಬುಡ್ತದ. ಅಂಗ ನಾಕು ಸಲ ಆದ್ಮ್ಯಾಲ ಹಣ್ಣಾಗೋದು, ಗೂಡು ಕಟ್ಟಕ ಚಂದ್ರಿಕ ಮ್ಯಾಲ ಬುಡೋದು. ನಿಮ್ ರಾಜ್ಗ ಎಷ್ಟ್ ಜರ ಬಂತು?”

ಈ ಅಳತೆಗೋಲನ್ನು ಹಿಡಿದು ನೋಡಿದರೆ ಹಿಂದಿನ ಸೂತ್ರಗಳೆಲ್ಲ ತಾವಾಗಿಯೇ ಬಗೆಹರಿಯುತ್ತವೆ. ಸೊಪ್ಪು ಬಿಟ್ಟದ್ದನ್ನು ಲೆಕ್ಕಕ್ಕೆ ಹಿಡಿದು ದುಷ್ಯಂತನಿಗೆ ಒಂದು ಜ್ವರ ಕೊಡಬಹುದು. ಪೊರೆ ಬಿಟ್ಟ ಗುರುತಿಲ್ಲ. ನಳನಿಗೆ ಧಾರಾಳವಾಗಿ ಮೂರು: ಕಾರ್ಕೋಟಕ ಕಚ್ಚಿ ರೂಪ ಹೋಯಿತು, ಬಾಹುಕನಾಗಿ ಋತುಪರ್ಣನಲ್ಲಿ ಸಾರಥಿಯ ಚಾಕರಿ ಮಾಡಿದ, ಕಲಿ ಮೈಯಿಂದ ವಿಷ ಕಾರುತ್ತ ಹೊರಬಿದ್ದ. ನಾಲ್ಕನೆಯದು ಬರುವ ಹೊತ್ತಿಗೆ ಸರಿಯಾಗಿ ಆ ಎರಡನೆಯ ಮದುವೆಯ ಮಾತೆತ್ತಿ ಕೆಡಿಸಿಕೊಂಡ. ಫ್ಯಾಂಟಮ್‌ಗೆ ಸೊನ್ನೆ, ಅವನು ಪೊರೆಯಂಥ ಆ ಬಿಗಿ ಉಡುಪನ್ನೇ ಬಿಟ್ಟವನಲ್ಲ.

ಚಿತ್ರಕಥೆಯವರಿಗೆ ಬೇಕಾದದ್ದು ಚಿಟ್ಟೆ. ಹುಳು ಒಳಗೆ ಹೋಗಬೇಕು, ಮುಂದಿನ ಪುಟದಲ್ಲಿ ರೆಕ್ಕೆ ಬಡಿಯುತ್ತ ಹೊರಬರಬೇಕು. ರೇಷ್ಮೆಯ ಸೀಮೆಯಲ್ಲಿ ಚಿಟ್ಟೆ ತೂತು ಕೊರೆದು ಹೊರಬಂದ ಗೂಡಿಗೆ ಅಷ್ಟು ಬೆಲೆಯಿಲ್ಲ, ನೂಲು ಎಳೆಯಲು ಬಾರದು. ನೂಲು ಬೇಕೆಂದರೆ ಗೂಡು ಬಿಸಿನೀರಿಗೆ ಬೀಳಲೇಬೇಕು. ಸಿದ್ಧಾಂತವನ್ನು ಇಲ್ಲಿಯವರೆಗೆ ಎಳೆಯುವುದು ಬೇಡವೆಂದು ಗಂಡಸರ ಪರವಾಗಿ ನಾನೇ ಮನವಿ ಮಾಡಿಕೊಂಡೆ.

ನಾಯಕನಿಗೆ ಕಾವಲು ಇದ್ದರೆ ಏನಾಗುತ್ತದೆಂಬುದಕ್ಕೆ ದೃಷ್ಟಾಂತ ನಮ್ಮ ತಾಲ್ಲೂಕಿನ ಬೆಟ್ಟದ ಮೇಲೆಯೇ ಇದೆ. ಬಿಳಿಗಿರಿಯ ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ. ಆ ಲೆಕ್ಕದಲ್ಲಿ ಸೋಲಿಗರು ಇವತ್ತಿಗೂ ಅವನನ್ನು ಭಾವ ಎನ್ನುತ್ತಾರೆ. ರಾತ್ರಿಯೆಲ್ಲ ಕಾಡು ಸುತ್ತಿ ಅವನ ಪಾದುಕೆ ಸವೆಯುತ್ತದೆಂದು ನಂಬಿಕೆ, ಆದ್ದರಿಂದ ಹೊಸ ಜೋಡಿ ಒಪ್ಪಿಸುವುದು ವಾಡಿಕೆ. ದೇವರಾದರೂ ಬೆಟ್ಟದ ತುಂಬ ಭಾಮೈದರು. ಶಕುಂತಲೆಯ ಜೊತೆ ಬಂದಿದ್ದ ಶಾರ್ಙ್ಗರವ ಮೊದಲಾದವರು ರಾಜನಿಗೆ ನಾಲ್ಕು ಬಿರುನುಡಿ ಆಡಿ, ಅವಳನ್ನು ಅಲ್ಲೇ ಬಿಟ್ಟು ಆಶ್ರಮದ ದಾರಿ ಹಿಡಿದರು. ಅವರಲ್ಲಿ ಒಬ್ಬ ಸೋಲಿಗನಿದ್ದಿದ್ದರೆ ಕಾಳಿದಾಸ ಐದನೆಯ ಅಂಕಕ್ಕೇ ನಾಟಕ ಮುಗಿಸಬೇಕಾಗುತ್ತಿತ್ತು.

ಕಡೆಯ ಪ್ರಕರಣ ಸಂಕಮ್ಮನದು. ಪಿ.ಕೆ. ರಾಜಶೇಖರ ಅವರಂಥವರು ಸಂಗ್ರಹಿಸಿದ ಮಲೆ ಮಾದೇಶ್ವರನ ಕಾವ್ಯದಲ್ಲಿ ಅವಳದೇ ಒಂದು ‘ಸಾಲು’, ಅಂದರೆ ಒಂದು ಭಾಗವೇ, ಇದೆ. ಕಂಸಾಳೆ ಹಿಡಿದ ದೇವರಗುಡ್ಡರು ಈಗಲೂ ಅದನ್ನು ಹಾಡುತ್ತಾರೆ. ಸಂಕಮ್ಮನ ಗಂಡ ನೀಲೇಗೌಡ ಕಾಡಿಗೆ ಹೊರಡುವ ಮುಂಚೆ, ನೀನಿಲ್ಲದಾಗ ಸರಿಯಾಗಿರುತ್ತೇನೆಂದು ಬಲಗೈ ಭಾಷೆ ಕೊಡು ಎಂದ. ಅವಳು ಕೊಡಲಿಲ್ಲ. ಹಿಂಸಿಸಿದ, ಆಗಲೂ ಕೊಡಲಿಲ್ಲ. ಗುಡಿಸಲಿನಲ್ಲಿ ಕೂಡಿಹಾಕಿ ಹೋದ. ಮಾದೇಶ್ವರ ಜಂಗಮನಾಗಿ ಬಂದು ಮಕ್ಕಳ ವರ ಕೊಟ್ಟ. ಹುಟ್ಟಿದವರು ಕಾರಯ್ಯ, ಬಿಲ್ಲಯ್ಯ. ಮರಳಿ ಬಂದ ಗಂಡ ಮತ್ತೆ ಅನುಮಾನಪಟ್ಟ.

ಇಲ್ಲಿ ದೂರ್ವಾಸರಿಲ್ಲ, ಕಲಿ ಇಲ್ಲ, ಮೀನೂ ಇಲ್ಲ. ಅನುಮಾನ ನೀಲೇಗೌಡನದೇ, ಕೈಯೂ ಅವನದೇ. ಅವನ ಕ್ರೌರ್ಯವನ್ನು ಹಾಡುವವರು ಒಂದು ಚೌಕದಲ್ಲಿ ಮುಗಿಸುವುದಿಲ್ಲ, ಕೇಳುವವರ ಹೊಟ್ಟೆ ಕಿವುಚುವ ತನಕ ಹಾಡುತ್ತಾರೆ. ಸಂಕಮ್ಮನೂ ಪೂರ್ವಜನ್ಮವನ್ನು ದೂರಿ ಅವನ ಭಾರ ಇಳಿಸಲಿಲ್ಲ. ಎರಡನೆಯ ಸೂತ್ರ ಈ ಸಾಲಿನ ಮುಂದೆ ನಿಲ್ಲಲಾರದು. ಅಷ್ಟು ಕಷ್ಟಪಟ್ಟು ಮಾಡಿದ ಸೂತ್ರ, ಹೋಗಲಿ.

ಆದ್ದರಿಂದ ಚಿತ್ರಕಥೆ ಬರೆಯುವವರಲ್ಲಿ, ಬಿಡಿಸುವವರಲ್ಲಿ ಒಂದು ವಿಜ್ಞಾಪನೆ. ನಾಯಕ ತಪ್ಪು ಮಾಡಿದ ಪುಟಕ್ಕೂ ನಾಯಕಿ ಕ್ಷಮಿಸುವ ಪುಟಕ್ಕೂ ನಡುವೆ ನಾಲ್ಕು ಚೌಕ ಖಾಲಿ ಬಿಡಿ. ಅದರಲ್ಲಿ ಅವನು ಮಾಡಿದ್ದೇನಾದರೂ ಇದ್ದರೆ ಬರೆಯಿರಿ. ಇಲ್ಲದಿದ್ದರೆ ಖಾಲಿಯಾಗಿಯೇ ಅಚ್ಚು ಹಾಕಿ, ಓದುವ ಮಕ್ಕಳು ನೋಡಿಕೊಳ್ಳಲಿ. ಸಂಕಮ್ಮನ ಸಾಲನ್ನು ಚಿತ್ರಕಥೆ ಮಾಡಲು ಮುಂದೆ ಯಾರಾದರೂ ಹೊರಟರೆ, ದಯವಿಟ್ಟು ಕೊನೆಯ ಪುಟವನ್ನು ನೀಲೇಗೌಡನಿಗೆ ಕೊಡಬೇಡಿ.