ಫ್ಯಾಮಿಲಿ ಕೋರ್ಟ್ ವಕೀಲರು: ಬಳಸುವ ವಿಧಾನ

ನಿಮ್ಮ ಬೀದಿಯಲ್ಲೋ ಬಳಗದಲ್ಲೋ ಫ್ಯಾಮಿಲಿ ಕೋರ್ಟ್ ವಕೀಲರೊಬ್ಬರಿದ್ದರೆ ಅದು ನಿಮ್ಮ ಪುಣ್ಯ. ಕೈ ಹಚ್ಚುವ ಮುನ್ನ ಈ ಕೈಪಿಡಿ ಓದಿಕೊಳ್ಳಿ.

ಇಡುವ ಜಾಗ: ಛತ್ರದಲ್ಲಿ ಇವರನ್ನು ಮಂಟಪದಿಂದ ಆದಷ್ಟು ದೂರ ಕೂರಿಸುವುದು ವಾಡಿಕೆ. ಯಾಕೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಊಟದ ಪಂಕ್ತಿಯಲ್ಲಿ ಮಾತ್ರ ಇವರ ಪಕ್ಕದ ಎಲೆಗೆ ಪೈಪೋಟಿ. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ "ನಮ್ಮ ಪರಿಚಯದವರದ್ದೊಂದು ಕೇಸಿದೆ ಮೇಡಂ" ಎಂದು ಶುರುವಾಗುತ್ತದೆ. ಪರಿಚಯದವರು ಎಂದರೆ ಸ್ವಂತ ಮಗಳು. ಅದು ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಹೋಳಿಗೆ ಮುರಿಯುವುದು ಈ ಕಸುಬಿನ ಮೊದಲ ಪಾಠ.

ಚಾಲೂ ಮಾಡುವುದು: ವಕಾಲತ್ತಿಗೆ ಸಹಿ ಹಾಕಿದ ಕೂಡಲೇ ಅಬ್ಬರಿಸುತ್ತಾರೆಂದು ಕಾಯಬೇಡಿ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮಿನ ಪ್ರಕಾರ ಈ ಕೋರ್ಟಿನಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಕಕ್ಷಿದಾರರ ಹಕ್ಕೇ ಅಲ್ಲ. 9ನೇ ಕಲಂ, ಜಡ್ಜ್ ಮೊದಲು ರಾಜಿಗೆ ಪ್ರಯತ್ನಿಸಬೇಕು ಎನ್ನುತ್ತದೆ. ಸಿನಿಮಾ ವಾದದ ಆಸೆಯಲ್ಲಿ ಬೆಂಗಳೂರಿನ ಫ್ಯಾಮಿಲಿ ಕೋರ್ಟ್ ಇರುವ ನ್ಯಾಯದೇಗುಲ ಕಟ್ಟಡಕ್ಕೆ ಹೋದವರನ್ನು ಮೇಜಿನ ಸುತ್ತ ಕೂರಿಸಿ, ಮದುವೆಯಾದ ಮೇಲೆ ಒಮ್ಮೆಯೂ ಪೂರ್ತಿ ಕೇಳಿಸಿಕೊಳ್ಳದ ಸಂಗಾತಿಯ ಮಾತನ್ನು ಕೇಳಿಸುತ್ತಾರೆ.

ತರಬೇಕಾದದ್ದು: ಲಗ್ನಪತ್ರಿಕೆ, ಮದುವೆಯ ಫೋಟೊ, ವಿಳಾಸದ ದಾಖಲೆ, ನಿಜ. ಕೊನೆಯದನ್ನು ಬಹಳ ಜನ ಮನೆಯಲ್ಲೇ ಮರೆತು ಬರುತ್ತಾರೆ. ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ, ಜೀವನಾಂಶ ಕೇಳುವವರೂ ಕೊಡಬೇಕಾದವರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಹೆಣ್ಣು ನೋಡಲು ಬಂದಾಗ ಲಕ್ಷವಿದ್ದ ಸಂಬಳ ಇಲ್ಲಿ ಮೂವತ್ತು ಸಾವಿರಕ್ಕೆ ಇಳಿಯುತ್ತದೆ. ಆಗ ಒಳ್ಳೆಯ ಕೆಲಸದಲ್ಲಿದ್ದ ಹುಡುಗಿ ಈಗ ಏನೂ ಓದಿದವಳಲ್ಲ. ನಿಮ್ಮ ವಕೀಲರಿಂದ ಮುಚ್ಚಿಟ್ಟದ್ದು ಎದುರು ವಕೀಲರ ಪಾಟೀಸವಾಲಿನಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಸಮೇತ ಹೊರಬೀಳುತ್ತದೆ. ಆಗ ನಿಮ್ಮ ವಕೀಲರು ನಿಮ್ಮತ್ತ ತಿರುಗಿ ನೋಡುವ ನೋಟಕ್ಕೆ ಯಾವ ಕಾಯ್ದೆಯಲ್ಲೂ ಪರಿಹಾರವಿಲ್ಲ.

ದೋಷವಲ್ಲದ ದೋಷ: "ನಮ್ಮ ವಕೀಲರು ಎದುರು ಪಾರ್ಟಿ ವಕೀಲರ ಜೊತೆ ಟೀ ಕುಡೀತಿದ್ರು, ಮಾರ್ಕೊಂಡ್ಬಿಟ್ರು!" ಹೀಗೆ ಗಾಬರಿಯಾಗುವವರೇ ಹೆಚ್ಚು. ಗಾಬರಿ ಬೇಡ. ದಸರಾ ರಜೆಯಲ್ಲಿ ಮಗು ಯಾರ ಬಳಿ, ಸ್ಕೂಲ್ ಫೀಸು ಯಾರದ್ದು, ತವರಿನ ಒಡವೆ ಯಾವ ಲಾಕರಿನಲ್ಲಿದೆ ಎಂಬುದೆಲ್ಲ ಬಗೆಹರಿಯಲು ಶುರುವಾಗುವುದು ಎಷ್ಟೋ ಸಲ ಆ ಟೀ ಅಂಗಡಿಯಲ್ಲೇ. ಇಬ್ಬರೂ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದರೆ ಆಗ ಯೋಚನೆ ಮಾಡಿ, ನಿಮ್ಮ ಕೇಸು ಇನ್ನೂ ಬಹಳ ವಾಯಿದೆ ಕಾಣಲಿದೆ.

ಕಾಯುವ ಅವಧಿ: ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಇಬ್ಬರೂ ಒಪ್ಪಿ ಬೇರೆಯಾಗಲು, ಒಂದು ವರ್ಷ ಪ್ರತ್ಯೇಕ ಬದುಕಿರಬೇಕು, ಅರ್ಜಿ ಹಾಕಿ ಆರು ತಿಂಗಳು ಕಾಯಬೇಕು. ರಾಜಿಯ ಆಸೆಯೇ ಇಲ್ಲ, ಮಕ್ಕಳು, ಹಣ ಎಲ್ಲ ಇತ್ಯರ್ಥವಾಗಿದೆ ಎಂದಾದರೆ ಆ ಆರು ತಿಂಗಳನ್ನು ಮನ್ನಿಸಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಾಟ್ಸ್ಆ್ಯಪ್ ಚಿಕ್ಕಪ್ಪಂದಿರು ಇದನ್ನೇ "ಒಂದೇ ದಿನದಲ್ಲಿ ಡೈವೋರ್ಸ್" ಮಾಡಿದ್ದಾರೆ. ಅವರ ಮೇಲೆ ವಕೀಲರಿಗೆ ಸಿಟ್ಟಿಲ್ಲ. ಮರುದಿನ ಫೋನ್ ಮಾಡುವವರೂ ಅವರೇ.

ಗ್ಯಾರಂಟಿ: ಇಲ್ಲ. ಕೊಟ್ಟೇ ಕೊಡುತ್ತೇನೆ ಎನ್ನುವವರನ್ನು ದೂರವಿಡಿ. ಬಂದ ಹಣದಲ್ಲಿ ಇಷ್ಟು ಪಾಲು ನನಗೆ ಎಂದು ಕರಾರು ಮಾಡಿಕೊಳ್ಳುವುದಕ್ಕೂ ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ.

ಫೀಸು: ಪಂಕ್ತಿಯಲ್ಲಿ, ದೇವಸ್ಥಾನದಲ್ಲಿ, ಲಿಫ್ಟಿನಲ್ಲಿ ಕೇಳಿದ ಸಲಹೆಗೆ ಈವರೆಗೆ ಯಾರೂ ಕೊಟ್ಟಿಲ್ಲ, ನೀವಾದರೂ ಶುರು ಮಾಡಬಹುದು. ನಿಜವಾಗಿಯೂ ಕೈಯಲ್ಲಿ ಕಾಸಿಲ್ಲದಿದ್ದರೆ ಸಂಕೋಚ ಬೇಡ: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಹೆಣ್ಣುಮಕ್ಕಳಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲೇ ವಕೀಲರು ಸಿಗುತ್ತಾರೆ. ನಿಮ್ಮ ತಾಲ್ಲೂಕು ಕೋರ್ಟಿನ ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.