ಟರ್ಬೊ ಕಾರನ್ನು ಕ್ರಮವಾಗಿ ಕೆಡಿಸುವುದು ಹೇಗೆ?

ಮೊದಲು ಒಂದು ಹಳೆ ಪೋಲೊ ಜಿಟಿ ಟಿಎಸ್‌ಐ ಕೊಳ್ಳಿ. 1.2 ಲೀಟರ್ ಟರ್ಬೊ ಎಂಜಿನ್, 105 ಪಿಎಸ್, 175 ನ್ಯೂಟನ್ ಮೀಟರ್ ಟಾರ್ಕ್. ಚಂದಕವಾಡಿಯಿಂದ ಚಾಮರಾಜನಗರದ ಸಂತೆಗೆ ಹೋಗಿಬರಲು ಇದು ಏನೇನೂ ಸಾಲದು ಎಂದು ಮನೆಯಲ್ಲಿ ಖಡಾಖಂಡಿತ ಹೇಳಿಬಿಡಿ.

ಮೊದಲು ಟೈರು, ಆಮೇಲೆ ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್ಲು, ಇಂಟರ್‌ಕೂಲರ್, ಕಟ್ಟಕಡೆಗೆ ರೀಮ್ಯಾಪ್ ಎಂದು ತಿಳಿದವರು ಹೇಳುತ್ತಾರೆ. ಪಟ್ಟಿ ಸರಿಯಾಗಿಯೇ ಇದೆ, ಕೆಳಗಿನಿಂದ ಮೇಲಕ್ಕೆ ಓದಿ. ಲ್ಯಾಪ್‌ಟಾಪ್ ಹಿಡಿದು ಬಂದವನಿಗೆ ಕಾರು ಒಪ್ಪಿಸಿ. ಬೂಸ್ಟ್ ಎಷ್ಟು ಏರಿಸಿದೆ ಎಂದು ಕೇಳಬೇಡಿ; ಡೈನೊ ಶೀಟು ಕೇಳುವವರು ಅನುಮಾನದ ಪ್ರಾಣಿಗಳು. ಈ ಕಾರಿನ ಡಿಕ್ಯು200 ಗೇರ್‌ಬಾಕ್ಸ್ ತಾಳುವುದು 250 ನ್ಯೂಟನ್ ಮೀಟರ್‌ವರೆಗೆ. ಆದ್ದರಿಂದ 260 ಕೇಳಿ. ಮ್ಯಾಪನ್ನು 100 ಆಕ್ಟೇನ್ ಪೆಟ್ರೋಲಿಗೆ ಬರೆಸಿ, ಹಾಕಿಸುವುದು ಮಾತ್ರ ಮಾಮೂಲಿ ಪೆಟ್ರೋಲೇ ಇರಲಿ. ಎಂಜಿನ್ನಿನಿಂದ ಟಕಟಕ ಸದ್ದು ಬಂದರೆ ಹಾಡು ಜೋರು ಮಾಡಿ.

ಜೋರಾಗಿ ಓಡಿಸಿ ಬಂದ ಕೂಡಲೇ ಎಂಜಿನ್ ಆಫ್ ಮಾಡಿ. ಕಾದ ಟರ್ಬೊದ ಬೇರಿಂಗಿನಲ್ಲಿ ನಿಂತ ಆಯಿಲ್ಲು ಸುಟ್ಟು ಕರಿ ಕಟ್ಟಲು ಇಷ್ಟು ಸಾಕು. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡುವುದು ಪೆಟ್ರೋಲು ದಂಡ.

ಹಿಂದಿನ ಸೀಟು ಕಿತ್ತು ತೂಕ ಇಳಿಸಿ. ಬಂದರೆ ಕುರ್ಚಿ ಹೋಗುತ್ತದೆಂದು ಮುಖ್ಯಮಂತ್ರಿಗಳೇ ವರ್ಷಗಟ್ಟಲೆ ಹೆದರಿದ ಊರು ನಮ್ಮ ಚಾಮರಾಜನಗರ. ನಿಮಗೆ ಹೋಗುವುದು ಬರೀ ಸೀಟು. ಆ ಜಾಗದಲ್ಲಿ ಸಬ್‌ವೂಫರ್ ಕೂರಿಸಿ.

ಇನ್ನು ಸ್ಪ್ರಿಂಗ್ ಕತ್ತರಿಸಿ ಕಾರನ್ನು ನೆಲಕ್ಕಿಳಿಸಿ. ಸುಗ್ಗಿಯಲ್ಲಿ ನಮ್ಮ ಕಡೆ ಹುರುಳಿ ಒಕ್ಕಣೆ ಟಾರು ರಸ್ತೆಯ ಮೇಲೇ. ತಗ್ಗಿದ ಬಂಪರ್ ಒಣಗಿದ ಹುರುಳಿ ಬಳ್ಳಿಯನ್ನೆಲ್ಲ ಬಾಚಿ ಅಡಿಗೆ ತಳ್ಳುತ್ತದೆ, ಬಿಸಿ ಡೌನ್‌ಪೈಪ್ ಅದನ್ನು ಅಪ್ಪಿಕೊಳ್ಳುತ್ತದೆ. 'ಅಣ್ಣೋ, ಅಡೀಲಿ ಹೊಗ ಬತ್ತಾ ಅದ!' ಎಂದು ಒಕ್ಕುವವರು ಕೂಗಿದರೆ ಕೈಬೀಸಿ ಮುಂದಕ್ಕೆ ಹೋಗಿ. ಗುಂಡ್ಲುಪೇಟೆಯಾಚೆ ರಾತ್ರಿ ಓಡಿಸುವ ಆಸೆ ಬೇಡ, ಬಂಡೀಪುರದ ಗೇಟು 9ಕ್ಕೆ ಹಾಕಿದರೆ ಬೆಳಿಗ್ಗೆ 6ಕ್ಕೇ ತೆಗೆಯುವುದು. ಹಗಲು ಹೋಗಿ, ಕಾಡಿನ ಹಂಪುಗಳಿಗೂ ನಿಮ್ಮ ಎಂಜಿನ್ನಿನ ಸಂಪಿಗೂ ಪರಿಚಯವಾಗಲಿ.

ಟ್ರ್ಯಾಕಿಗೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಪುಣಜನೂರು, ಆಸನೂರು ದಾಟಿ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿಯಬೇಕು. ಗೇರ್ ಇಳಿಸಬೇಡಿ, ಉದ್ದಕ್ಕೂ ಬ್ರೇಕ್ ಒತ್ತಿಯೇ ಹಿಡಿಯಿರಿ. ವರ್ಷಗಟ್ಟಲೆ ಗಾಳಿಯ ತೇವ ಕುಡಿದ ಬ್ರೇಕ್ ಆಯಿಲ್ಲು ಕುದಿಯತೊಡಗಿ, ಪೆಡಲ್ ನೆನೆದ ರಾಗಿಮುದ್ದೆಯಷ್ಟು ಮೆತ್ತಗಾಗುತ್ತದೆ. ಹೊಸ ಡಾಟ್ 4 ಆದರೆ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯದು. ಆದರೆ ನನ್ನ ಮಾತು ಚಾಚೂ ತಪ್ಪದೆ ಪಾಲಿಸಿದವರ ಕೈಯಲ್ಲಿ ಈ ವೇಳೆಗೆ ಆ ಡಬ್ಬಿಗೂ ಕಾಸು ಉಳಿದಿರುವುದಿಲ್ಲ. ಚಿಂತೆ ಬೇಡ, ಘಾಟಿಯ ಬುಡದಲ್ಲೇ ಬಣ್ಣಾರಿ ಅಮ್ಮನ ಗುಡಿಯಿದೆ.

ವಿಮಾ ಕಂಪನಿಗೆ ಇದ್ಯಾವುದನ್ನೂ ತಿಳಿಸಬೇಡಿ. ಕ್ಲೇಮ್ ದಿನ ಅವರೇ ಕಂಡುಕೊಳ್ಳುತ್ತಾರೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆದ್ದರಿಂದ ಬಿಲ್ಲುಗಳನ್ನೆಲ್ಲ ಜೋಡಿಸಿ ಕಾರಿನಲ್ಲೇ ಇಟ್ಟಿರಿ, ಎಣಿಸುವವರಿಗೆ ಅನುಕೂಲವಾಗುತ್ತದೆ.