ಅಟ್ಟಣೆಪ್ರಿಯರು

ಪೂರ್ಣವಾದ ವಸ್ತುವನ್ನು ಕಂಡರೆ ಕೆಲವರಿಗೆ ಮನಸ್ಸು ನಿಲ್ಲುವುದಿಲ್ಲ. ದೊಡ್ಡಬಳ್ಳಾಪುರದಿಂದ ನೆಲಮಂಗಲದವರೆಗೆ ಯಾವ ಬಡಾವಣೆಯನ್ನು ಹೊಕ್ಕರೂ, ಗೃಹಪ್ರವೇಶವಾಗಿ ಎಷ್ಟೋ ವರ್ಷ ಕಳೆದ ಮನೆಗಳ ತಾರಸಿಯ ಮೇಲೆ, ಮುಂದೆಂದೋ ಏಳಲಿರುವ ಮಹಡಿಯ ನಿರೀಕ್ಷೆಯಲ್ಲಿ, ಕಂಬದ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಆಕಾಶಾಭಿಮುಖವಾಗಿ ನಿಂತಿರುವುದನ್ನು ಕಾಣಬಹುದು. ಬಟ್ಟೆ ಒಣಹಾಕುವ ಹಗ್ಗಕ್ಕೆ ಆಧಾರವಾಗುವುದಲ್ಲದೆ ಅನ್ಯ ಪ್ರಯೋಜನವು ಅವುಗಳಿಗೆ ಒದಗಿದ್ದನ್ನು ನಾನು ಕಂಡದ್ದು ಅಪೂರ್ವ. (ನನ್ನ ಮನೆಯ ಮೇಲೂ ನಾಲ್ಕು ಇವೆ, ಅವು ಮೇಸ್ತ್ರಿಯ ಬಲವಂತದಿಂದ ಉಳಿದವು.) ಈ ಜನರನ್ನು ಅಟ್ಟಣೆಪ್ರಿಯರೆಂದು ಕರೆಯಬಹುದು. ಇವರು ಸಜ್ಜನರು, ಸಾಲ ತೀರಿಸುವವರು, ಬಂದವರಿಗೆ ಕೇಳದೆಯೇ ಎರಡನೆಯ ಲೋಟ ಕಾಫಿ ಕೊಡುವವರು. ಆದರೆ ನೀವು ಮಾತನಾಡುತ್ತಿರುವಾಗ ಇವರ ದೃಷ್ಟಿಯು ನಿಮ್ಮ ಮುಖದ ಮೇಲಿರದೆ ನಿಮ್ಮ ಸೂರಿನ ಮೇಲಿರುತ್ತದೆ.

ಈ ವರ್ಗದ ಪರಿಚಯವು ನನಗೆ ವಿವಾಹದ್ವಾರಾ ಆದದ್ದು. ಕಾರ್ಖಾನೆಯೊಂದರಿಂದ ನಿವೃತ್ತರಾದ, ಮಾತಿಗೊಮ್ಮೆ ‘ಲೋಡು ಎಲ್ಲಿ ಕೂರುತ್ತೆ ನೋಡಿ’ ಎನ್ನುವ ನನ್ನ ಷಡ್ಡಕರು, ಮನೆಗೆ ಎರಡನೆಯ ಮಹಡಿಯನ್ನು ಕಟ್ಟಿ ಮುಗಿಸಿ, ಮೂರನೆಯದಕ್ಕೆ ಪತ್ನಿಯ ಅನುಮತಿ ದೊರೆಯದಿರಲು, ಹಳತಾಯಿತೆಂದು ಶಾಲೆಯೊಂದು ಮಾರಿದ ಹಳದಿ ಬಸ್ಸನ್ನು ಕೊಂಡು ತಂದರು. ಅದರೊಳಗೆ ಮಂಚ, ಒಲೆ, ನೀರಿನ ಟ್ಯಾಂಕು ಎಲ್ಲವನ್ನೂ ಕೂಡಿಸಿ ದಂಪತಿಗಳು ದೇಶಸಂಚಾರ ಮಾಡತಕ್ಕದ್ದೆಂದು ಸಂಕಲ್ಪ. ಸೀಟುಗಳಲ್ಲಿ ಅರ್ಧವನ್ನು ಕಿತ್ತ ದಿನವೇ ಅವರು ಏಣಿ ಹಾಕಿ ಬಸ್ಸಿನ ಟಾಪಿಗೇರಿ, ಸೊಂಟದ ಮೇಲೆ ಕೈಯಿಟ್ಟು, “ಎಷ್ಟು ಜಾಗ ವೇಸ್ಟಾಗಿದೆ ನೋಡ್ರೀ!” ಎಂದು ಕೂಗಿದರು. ಒಲೆಯ ಕೆಲಸ ಅಲ್ಲಿಗೆ ನಿಂತಿತು.

ಇಂಥವರಿಗೆ ದೃಷ್ಟಾಂತಗಳ ಕೊರತೆಯಿಲ್ಲ. ಕೆನ್ ಕೀಸಿ ಎಂಬ ಅಮೆರಿಕದ ಕಾದಂಬರಿಕಾರನು 1964ರಲ್ಲಿ, 1939ರ ಮಾದರಿಯ ಶಾಲಾ ಬಸ್ಸೊಂದರ ನೆತ್ತಿಯ ಮೇಲೆ ಕುಳಿತುಕೊಳ್ಳುವ ಅಟ್ಟಣೆಯನ್ನು ಮಾಡಿಸಿ, ಮಿತ್ರಮಂಡಲಿಯೊಡನೆ ಕ್ಯಾಲಿಫೋರ್ನಿಯದಿಂದ ನ್ಯೂಯಾರ್ಕಿಗೆ ಪ್ರಯಾಣ ಮಾಡಿದನೆಂದು ಅಮೆರಿಕದಲ್ಲಿರುವ ಷಡ್ಡಕರ ಮಗ ಅಲ್ಲಿಂದಲೇ ಫೋನಿನಲ್ಲಿ ತಿಳಿಸಿದ್ದ. ಆ ಮಿತ್ರರು ದಾರಿಯುದ್ದಕ್ಕೂ ಏನನ್ನು ಸೇವಿಸುತ್ತಿದ್ದರೆಂಬುದನ್ನು ಮಗ ಹೇಳಲಿಲ್ಲ, ನಾನೂ ಹೇಳಲಿಲ್ಲ. ಭಾರದ ಮಾತೆತ್ತಿದರೆ, ಮೈಸೂರಿನ ಚಿನ್ನದ ಅಂಬಾರಿ ಸುಮಾರು 750 ಕಿಲೋ, ಅದನ್ನು ಆನೆ ಹೊರುವುದಿಲ್ಲವೇ ಎಂಬುದು ಅವರ ಉತ್ತರ. ಆನೆಗೆ ಎಫ್‌.ಸಿ. ಮಾಡಿಸುವ ಕಷ್ಟವಿಲ್ಲ ಎಂದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ನು, ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. “ಮಾರ್ಪಾಡು ಯಾರು ಮಾಡಿದ್ರು? ಬೋಲ್ಟ್ ಬಿಚ್ಚಿದರೆ ಕೆಳಗೆ ಬರತ್ತೆ. ಇದು ಕ್ಯಾರಿಯರ್ರು!” ಎಂದು ಷಡ್ಡಕರು ಕಾನೂನನ್ನು ಪೂರೈಸಿದರು.

ಮೊದಲ ವೆಲ್ಡರನು ಅಟ್ಟಣೆಯ ಕಾಲುಗಳನ್ನು ಬರಿಯ ತಗಡಿನ ಮೇಲೆ ಊರಿದ್ದರಿಂದ, ಮನುಷ್ಯನೊಬ್ಬನು ಮೇಲೆ ನಡೆದರೆ ಒಳಗಿದ್ದವರಿಗೆ ಗುಡುಗಿನ ಅನುಭವವಾಗುತ್ತಿತ್ತು. ಭಾರವು ತಗಡಿನ ಅಡಿಯ ಕಮಾನುಗಳ ಮೇಲೆ ಕೂರಬೇಕೆಂಬುದನ್ನು ಕಂಡುಕೊಂಡು, ಚೌಕ ಪೈಪುಗಳನ್ನು ಅಡ್ಡಲಾಗಿ ಹಾಯಿಸಿ, ಎರಡನೆಯವನಿಂದ ಎಲ್ಲವನ್ನೂ ಹೊಸದಾಗಿ ಮಾಡಿಸಿದರು. ಹಳೆಯ ತೂತುಗಳಿಗೆ ಸಿಲಿಕೋನು ಮೆತ್ತಿದ್ದಾಯಿತು. ಮೊದಲ ಮಳೆಯು ಆ ಸಿಲಿಕೋನನ್ನು ಮಾನ್ಯ ಮಾಡಲಿಲ್ಲ.

ಆದರೆ ನಾನು ಮರೆಯಲಾರದ್ದು ಘಾಟಿ ಸುಬ್ರಹ್ಮಣ್ಯದ ಯಾತ್ರೆಯನ್ನು. “ಭಾವನೋರು ಒಬ್ರೇ ಹೋಗ್ತಾರೆ ಪಾಪ, ಜೊತೆಗೆ ಹೋಗಿ ಬನ್ನಿ” ಎಂದು ಮನೆಯವಳು ಕಳುಹಿಸಿದಳು. ಎತ್ತರ ಹೆಚ್ಚಿದ ವಾಹನಕ್ಕೆ ಹಳ್ಳಿಯ ದಾರಿಯಲ್ಲಿ ಎರಡು ಶತ್ರುಗಳು: ರಸ್ತೆಗೆ ಬಾಗಿದ ಮರದ ಕೊಂಬೆ, ಜೋತುಬಿದ್ದ ವಿದ್ಯುತ್ತಿನ ತಂತಿ. ರಥೋತ್ಸವದಲ್ಲಿ ತೇರು ಸಾಗುವಾಗ ಕರೆಂಟು ತೆಗೆಸಿ ತಂತಿಯನ್ನು ಗಳುವಿನಿಂದ ಎತ್ತಿ ಹಿಡಿಯುತ್ತಾರಷ್ಟೆ. ಆ ಅಧಿಕಾರವು, ಕರೆಂಟು ತೆಗೆಸುವ ಭಾಗವೊಂದನ್ನು ಬಿಟ್ಟು, ನನಗೆ ಪ್ರಾಪ್ತವಾಯಿತು. ಕವೆಗೋಲಿನಂತಹ ಬಿದಿರನ್ನು ಹಿಡಿದು, ಚೆಕರ್ ಪ್ಲೇಟಿನ ಮೇಲೆ ಪದ್ಮಾಸನ ಹಾಕಿ, ಹುಣಸೆಕೊಂಬೆ ಬಂದಾಗ “ನಿಲ್ಲಿಸಿ!” ಎಂದೂ, ತಂತಿ ಕಂಡಾಗ ಇಷ್ಟದೇವತೆಯ ಹೆಸರನ್ನೂ ಕೂಗುತ್ತ ಮುಂದುವರಿದೆ. ನನ್ನ ಮೊದಲ ಕೂಗು ಎಂಜಿನ್ನಿನ ಸದ್ದಿನಲ್ಲಿ ಅಡಗಿಹೋಯಿತು, ನನ್ನ ಟೋಪಿ ಹುಣಸೆಮರದಲ್ಲಿ ಉಳಿಯಿತು. ಘಾಟಿಯಲ್ಲಿ ಸುಬ್ರಹ್ಮಣ್ಯನ ಬೆನ್ನಿಗಿರುವ ನರಸಿಂಹನನ್ನು ಭಕ್ತರಿಗೆ ಕನ್ನಡಿಯೊಂದು ತೋರಿಸಿಕೊಡುತ್ತದೆ. ಬಸ್ಸಿನ ಯಾವ ಕನ್ನಡಿಯಲ್ಲಿಯೂ ನಾನು ಮಾತ್ರ ಕಾಣುತ್ತಿರಲಿಲ್ಲ. ಅಟ್ಟ ಹತ್ತಲಾರದವನು ಬೆಟ್ಟ ಹತ್ತಿಯಾನೇ ಎಂಬ ಗಾದೆಯನ್ನು ಮಾಡಿದವನು ಚಲಿಸುವ ಅಟ್ಟವನ್ನು ಕಂಡವನಲ್ಲ.

ಹಿಂದಿರುಗುವಾಗ ಮಾಕಳಿದುರ್ಗದ ತಪ್ಪಲಿನಲ್ಲಿ ಬಸ್ಸನ್ನು ನಿಲ್ಲಿಸಿ ಅವರೂ ಮೇಲೆ ಬಂದರು. ಹಿಂದೂಪುರದ ಕಡೆಗೆ ಹೋಗುವ ರೈಲು ಬೆಟ್ಟಗಳ ನಡುವೆ ಬಳಸಿಕೊಂಡು ಸಾಗುತ್ತಿತ್ತು. ಬಾಲ್ಯದಲ್ಲಿ ಘಾಟಿಯ ದನಗಳ ಜಾತ್ರೆಗೆ ತಂದೆಯವರೊಡನೆ ಬಸ್ಸಿನ ಟಾಪಿನ ಮೇಲೆ, ಹುಲ್ಲಿನ ಹೊರೆಗಳ ನಡುವೆ ಕುಳಿತು ಹೋಗುತ್ತಿದ್ದುದನ್ನೂ, ಕಂಡಕ್ಟರನು ಹಿಂದಿನ ಏಣಿ ಹತ್ತಿ ಬಂದು ಟಿಕೆಟ್ ಹರಿಯುತ್ತಿದ್ದುದನ್ನೂ ಅವರು ಹೇಳಿದರು. ಮನೆಯ ಎರಡನೆಯ ಮಹಡಿಯನ್ನು ಮಗನಿಗಾಗಿ ಕಟ್ಟಿಸಿದ್ದು. ಅಲ್ಲಿನ ಫ್ಯಾನಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಬಿಚ್ಚಿಲ್ಲ. ಇದನ್ನು ಅವರು ಹೇಳಲಿಲ್ಲ, ನಾನು ಬಲ್ಲೆ. ವೃದ್ಧಾಪ್ಯದಲ್ಲಿ ಮನುಷ್ಯನು ಎತ್ತರವನ್ನು ಬಯಸುವುದು ದೂರದಿಂದ ಬರುವವರನ್ನು ಬೇಗ ಕಾಣಲೆಂದಿರಬಹುದು ಎಂಬ ಗಂಭೀರ ಆಲೋಚನೆ ನನ್ನಲ್ಲಿ ಮೂಡುತ್ತಿರುವಷ್ಟರಲ್ಲಿಯೇ, “ಬಿಸಿಲು ಜಾಸ್ತಿ ಅಲ್ವೇನ್ರೀ? ಇದರ ಮೇಲೊಂದು ಶೀಟು ಹಾಕಿಸಿಬಿಟ್ರೆ?” ಎಂದರು.

ಶೀಟು ಬಂತು. ಬಸ್ಸು ಅವರ ಷೆಡ್ಡಿನೊಳಗೆ ಹಿಡಿಸದೆ ಹೋಯಿತು. ಷೆಡ್ಡಿನ ಕಂಬಗಳನ್ನು ಎತ್ತರಿಸಲಾಯಿತು. ಮೊನ್ನೆ ಭಾನುವಾರ ಅವರು ಎತ್ತರಿಸಿದ ಷೆಡ್ಡನ್ನು ಬಹಳ ಹೊತ್ತು ನೋಡುತ್ತ ನಿಂತು, ಟೇಪಿನ ಒಂದು ತುದಿಯನ್ನು ನನ್ನ ಕೈಗಿತ್ತು, “ಸ್ವಲ್ಪ ಹಿಡ್ಕೊಂಡಿರಿ” ಎಂದು ಏಣಿ ತರಲು ಹೋದರು. ಬಸ್ಸಿಗೆ ಒಲೆ ಇನ್ನೂ ಬಂದಿಲ್ಲವಾದ ಕಾರಣ, ನನ್ನ ಪತ್ನಿಯ ಅಕ್ಕನವರು ಕಾಫಿಯನ್ನು ಮನೆಯಿಂದ ಫ್ಲಾಸ್ಕಿನಲ್ಲಿ ತಂದಿದ್ದರು.